ಹುಳಕ್ಕೆ ಆಗದ ವಾಸನೆ

ಹುತ್ರಿದುರ್ಗದ ಬೆಟ್ಟದ ಬುಡದ ಆ ಊರಿನಲ್ಲಿ ರೇಷ್ಮೆ ಹುಳ ಸಾಕದ ಮನೆ ಆಗ ಇರಲಿಲ್ಲ. ಆದರೆ ಕದರಯ್ಯನ ಹೆಂಡತಿ ಪುಟ್ಟಗಂಗಮ್ಮನಷ್ಟು ಕಟ್ಟುನಿಟ್ಟಾಗಿ ಸಾಕುವವರು ಇನ್ನೊಬ್ಬರಿರಲಿಲ್ಲ. ಹುಳಕ್ಕೆ ವಾಸನೆ ಆಗಿಬರುವುದಿಲ್ಲ. ಊದುಬತ್ತಿ, ಬೀಡಿ, ಮಲ್ಲಿಗೆ, ಮುಖಕ್ಕೆ ಹಚ್ಚುವ ಪೌಡರು, ಒಗ್ಗರಣೆಯ ಹೊಗೆ, ಯಾವುದೂ ಆಗದು. ಇದು ಎಲ್ಲರಿಗೂ ಗೊತ್ತಿದ್ದದ್ದೇ. ಪುಟ್ಟಗಂಗಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ಮನೆಮಂದಿಯ ಬಟ್ಟೆಯನ್ನೆಲ್ಲ ಅಂಟುವಾಳದ ಕಾಯಿಯ ನೊರೆಯಲ್ಲೇ ಒಗೆಯಬೇಕು, ಅಂಗಡಿಯ ಸೋಪಿನಪುಡಿ ಹೊಸಿಲು ದಾಟಕೂಡದು ಎಂದು ಕಾನೂನು ಮಾಡಿಬಿಟ್ಟಿದ್ದಳು. ಹುಳದ ಮನೆಯ ಬಾಗಿಲಲ್ಲಿ ನಿಂತು ಒಳಗೆ ಬರುವವರ ಭುಜ ಮೂಸಿಯೇ ಬಿಡುತ್ತಿದ್ದಳು. ಸ್ವಂತ ಗಂಡನಿಗೂ ರಿಯಾಯಿತಿ ಇರಲಿಲ್ಲ.

"ಬೀಡಿ ಎಳ್ಕೊಂಡು ಬಂದವ್ನೆ ನೋಡು! ಆಚೆ ನಡಿ" ಎಂದರೆ ಸಾಕು, ಕದರಯ್ಯ ಬಾಯಿ ಮುಚ್ಚಿಕೊಂಡು ಹೋಗಿ ಮುಖ ತೊಳೆದು ಬರುತ್ತಿದ್ದ.

ಇಂಥ ಮನೆಗೆ ತೊಂಬತ್ತೇಳನೇ ಇಸವಿಯಲ್ಲಿ ಮಂಜುಶ್ರೀ ಸೊಸೆಯಾಗಿ ಬಂದಳು. ತುಮಕೂರು ಪೇಟೆಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಅಪ್ಪ ನರಸಿಂಹಯ್ಯ ಪ್ರೈಮರಿ ಸ್ಕೂಲಿನ ಮೇಷ್ಟ್ರು, ಇಸ್ತ್ರಿ ಇಲ್ಲದ ಶರ್ಟು ತೊಟ್ಟವರೇ ಅಲ್ಲ. ಅವರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದುದು ನಿಂಬೆಹಣ್ಣಿನ ಪರಿಮಳದ ಪುಡಿಯಲ್ಲಿ. ಮದುವೆಯಾಗಿ ಬಂದ ಮರುದಿನ ಮಂಜುಶ್ರೀ ಟ್ರಂಕು ತೆರೆದಳೋ ಇಲ್ಲವೋ, ನಡುಮನೆಯೆಲ್ಲ ಘಮ್ಮೆಂದಿತು. ಸೀರೆಗಳ ಕೆಳಗೆ ಎರಡು ಪ್ಯಾಕೆಟ್ ಪುಡಿಯೂ ಇತ್ತು.

"ಇವನ್ನ ನಿಮ್ಮಮ್ಮಂಗೇ ವಾಪಸ್ ಕೊಟ್ಬುಡು ಕಣವ್ವ. ನಮ್ಮನೇಲಿ ಹುಳ ಅವೆ" ಎಂದಳು ಪುಟ್ಟಗಂಗಮ್ಮ.

"ಆಯ್ತು ಅತ್ತೆ" ಎಂದಳು ಹುಡುಗಿ. ಎದುರು ಮಾತಾಡುವ ಜಾಯಮಾನವಲ್ಲ. ಆದರೂ ಗಂಡ ಮುತ್ತುರಾಜನ ಹತ್ತಿರ ಮಾತ್ರ, "ಅಂಟುವಾಳದಲ್ಲಿ ಒಗೆದ್ರೆ ಒಗೆದಂಗೇ ಅನ್ಸಲ್ಲ ರೀ, ಬಟ್ಟೆ ಒಣಗಿದ ಮೇಲೆ ಮೂಗಿಗೆ ಹಿಡಿದ್ರೆ ಏನೂ ಇರಲ್ಲ" ಎಂದು ಗೊಣಗಿದ್ದಳು. ಮುತ್ತುರಾಜ ಅದನ್ನು ಅಮ್ಮನ ಮುಂದೆ ಹೇಳಿ ನಕ್ಕ. ಪುಟ್ಟಗಂಗಮ್ಮನೂ ನಕ್ಕಳು. ಪೇಟೆಯ ಹುಡುಗಿ, ನಾಲ್ಕು ಬೆಳೆ ನೋಡಿದರೆ ತಾನಾಗಿಯೇ ಕಲಿಯುತ್ತಾಳೆ ಎಂದುಕೊಂಡಳು.

ಆ ವರ್ಷ ಗೌರಿ ಹಬ್ಬಕ್ಕೆ ಮಂಜುಶ್ರೀ ತೌರಿಗೆ ಹೋಗಿದ್ದಳು. ಅವಳು ವಾಪಸು ಬಂದ ಸಂಜೆ ಮನೆಯಲ್ಲಿ ಯಾರಿಗೂ ಉಸಿರಾಡಲು ಪುರುಸೊತ್ತಿಲ್ಲ. ಹುಳ ನಾಲ್ಕನೇ ಜ್ವರ ಎದ್ದಿದ್ದವು. ಪೊರೆ ಕಳಚುವಾಗ ಹುಳ ಮೇವು ಬಿಟ್ಟು ಮಂಕಾಗಿ ಮಲಗುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವುಗಳ ಹಸಿವು ಕೇಳಬೇಡಿ. ಸೊಪ್ಪು ಹಾಕಿದಷ್ಟೂ ಸಾಲದು, ತಿನ್ನುವ ಸದ್ದು ಬಾಗಿಲಾಚೆಗೆ ಕೇಳುತ್ತದೆ. ಇನ್ನೊಂದು ವಾರದಲ್ಲಿ ಗೂಡು ಕಟ್ಟಬೇಕು.

"ಬಂದ್ಯಾ? ಬಾ ಬಾ, ಈ ಕಡೆ ತಟ್ಟೆಗಳಿಗೆ ಸೊಪ್ಪು ಹಾಕು" ಎಂದು ಪುಟ್ಟಗಂಗಮ್ಮನೇ ಕೂಗಿದಳು. ಆವತ್ತು ಭುಜ ಮೂಸುವುದು ಅವಳಿಗೆ ಮರೆತುಹೋಯಿತು. ಮಂಜುಶ್ರೀ ಬ್ಯಾಗು ಜಗಲಿಯ ಮೇಲಿಟ್ಟು, ಅಮ್ಮ ಒಗೆದುಕೊಟ್ಟ ಸೀರೆಯಲ್ಲೇ ಒಳಗೆ ಬಂದು ಸೊಪ್ಪು ಹಾಕಿದಳು.

ಬೆಳಗ್ಗೆ ಪುಟ್ಟಗಂಗಮ್ಮ ಹುಳದ ಮನೆಯ ಬಾಗಿಲು ತೆಗೆದಳು. ಸದ್ದೇ ಇಲ್ಲ. ತಟ್ಟೆ ಎಳೆದು ನೋಡಿದರೆ ಹುಳಗಳು ತಲೆ ಅಲ್ಲಾಡಿಸುತ್ತ, ಹಸಿರು ರಸ ಕಕ್ಕುತ್ತ ಹೊರಳುತ್ತಿವೆ. ಇನ್ನೊಂದು ತಟ್ಟೆ, ಮತ್ತೊಂದು ತಟ್ಟೆ, ಎಲ್ಲವೂ ಅದೇ. ಹೊತ್ತು ನೆತ್ತಿಗೇರುವ ಹೊತ್ತಿಗೆ ಒಂದಾದರೂ ಬದುಕಿರಲಿಲ್ಲ. ಮಗು ಸಾಕಿದಂತೆ ಸಾಕಿದ ಹುಳ. ಅವಳಿಗೆ ತಲೆ ಕೆಟ್ಟಂತಾಯಿತು. ಆಗ ಕಣ್ಣಿಗೆ ಬಿದ್ದಿದ್ದು ಗೋಡೆಗೊರಗಿ ನಿಂತ ಸೊಸೆ, ಮೂಗಿಗೆ ಬಿದ್ದಿದ್ದು ಅವಳ ಸೀರೆಯ ನಿಂಬೆಹಣ್ಣು.

ಪುಟ್ಟಗಂಗಮ್ಮ ಅವಳ ರಟ್ಟೆ ಹಿಡಿದು ಬೀದಿಗೆ ಎಳೆದು ತಂದಳು. "ನೋಡ್ರಪ್ಪಾ, ನೋಡಿ! ಈ ಮಾರಾಯ್ತಿ ಗಮಲು ಹೊಡ್ಕೊಂಡು ಬಂದು ನಮ್ಮ ಹುಳವೆಲ್ಲ ಸಾಯ್ಸವ್ಳೆ! ಮನೆ ತೊಳೆದ್ಲು ಕಣ್ರಪ್ಪೋ!" ಎಂದು ಎದೆ ಎದೆ ಬಡಿದುಕೊಂಡಳು. ಜನ ಕೂಡಿತು. ಕೊಲ್ಲಾಪುರಮ್ಮ ಎಂಬ ಎದುರುಮನೆಯವಳು ಹತ್ತಿರ ಬಂದು ಸೆರಗು ಮೂಸಿ ನೋಡಿ, "ಹೌದು ಕಣಮ್ಮೋ" ಎಂದು ಸಾಕ್ಷಿಯನ್ನೂ ಹೇಳಿಬಿಟ್ಟಳು. ಮಂಜುಶ್ರೀ ತಲೆ ಎತ್ತಲಿಲ್ಲ.

ಮರುದಿನ ಸಂಜೆ ಪುಟ್ಟಗಂಗಮ್ಮ ಸೊಪ್ಪಿನ ಮೇಲೆ ಹೊದಿಸುವ ಗೋಣಿತಾಟು ಒಗೆಯಲು ತೊಟ್ಟಿಯ ಹತ್ತಿರ ಕುಳಿತಳು. ಕೊಯ್ದ ಸೊಪ್ಪು ಬಾಡದಿರಲಿ ಎಂದು ಒದ್ದೆ ಗೋಣಿ ಹೊದಿಸುವುದು ವಾಡಿಕೆ. ಸೊಸೆ ವಾಪಸು ಬಂದ ದಿನ ಸೊಪ್ಪು ಜಾಸ್ತಿಯಾಗಿ, ಇದ್ದ ಗೋಣಿ ಸಾಲದೆ, ಕೊಟ್ಟಿಗೆಯ ಅಟ್ಟದಿಂದ ಅವಳೇ ಇನ್ನೊಂದನ್ನು ಎಳೆದು ತಂದು ನೀರಿಗದ್ದಿ ಹೊದಿಸಿದ್ದಳು. ಈಗ ಅದನ್ನು ಹಿಂಡಿದಾಗ ಹೊಲಿಗೆಯ ಸಂದಿಯಿಂದ ಬೂದುಬಣ್ಣದ ಪುಡಿ ಲೋಳೆಯಂತೆ ಈಚೆ ಬಂತು. ಮೂಗಿನ ಹತ್ತಿರ ಹಿಡಿದಳು. ಅವರೆಗೆ ಹೊಡೆಯಲು ಕದರಯ್ಯ ತಂದಿದ್ದ ಹುಳದ ಔಷಧಿ. ಗಿಡದ ಹುಳ ಸಾಯಿಸುವ ಔಷಧಿ, ರೇಷ್ಮೆ ಹುಳವನ್ನು ಬಿಟ್ಟೀತೇ?

ಸೀರೆಯಲ್ಲ. ನಿಂಬೆಹಣ್ಣಲ್ಲ. ತನ್ನ ಕೈ.

ಅವಳು ಸುತ್ತ ನೋಡಿದಳು. ಯಾರೂ ಇರಲಿಲ್ಲ. ಗೋಣಿಯನ್ನು ತಿಪ್ಪೆಯಲ್ಲಿ ಹೂತು, ಕೈಯನ್ನು ಮೂರು ಸಲ ಬೂದಿ ಹಾಕಿ ತಿಕ್ಕಿದಳು. ನಾಳೆ ಹೇಳಿದರಾಯಿತು ಎಂದುಕೊಂಡಳು. ಅಯ್ಯೋ, ಆ ಸಂಜೆಯೇ ಬಾಯಿ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಮರುದಿನ ಬೆಳಗ್ಗೆ ಬಂದವರು ನರಸಿಂಹಯ್ಯ ಮೇಷ್ಟ್ರು. ಯಾರೋ ಸುದ್ದಿ ಮುಟ್ಟಿಸಿದ್ದರು. ಆ ಇಸ್ತ್ರಿ ಶರ್ಟಿನ ಮನುಷ್ಯ ಜಗಲಿಯ ಮೇಲೆ ಕೂರಲೂ ಇಲ್ಲ. ಅಂಗಳದಲ್ಲೇ ನಿಂತು ಎರಡೂ ಕೈ ಮುಗಿದರು.

"ತಾಯೀ, ಹುಡುಗಿ ತಿಳೀದೆ ಮಾಡ್ಬಿಟ್ಟಿದಾಳೆ. ತಪ್ಪು ನಮ್ಮದು, ನಾವು ಹೇಳಿ ಕಳಿಸಬೇಕಿತ್ತು. ಹೊಟ್ಟೆಗೆ ಹಾಕ್ಕೊಳ್ಳಿ" ಎಂದರು. ಎಂದವರು ಬಗ್ಗಿದರು. ತಮಗಿಂತ ಚಿಕ್ಕವಳಾದ ಪುಟ್ಟಗಂಗಮ್ಮನ ಕಾಲಿಗೆ ಆ ಮೇಷ್ಟ್ರು ಕೈ ನೀಡಿದರು.

ಹೇಳುವ ಹೊತ್ತು ಅದೇ. ಆದರೆ ಸುತ್ತ ಊರು ನಿಂತಿತ್ತು, ಕೊಲ್ಲಾಪುರಮ್ಮ ನಿಂತಿದ್ದಳು, ಮೊನ್ನೆ ಬಡಿದುಕೊಂಡ ಎದೆ ಇನ್ನೂ ನೋಯುತ್ತಿತ್ತು. ಪುಟ್ಟಗಂಗಮ್ಮ ಕಾಲು ಹಿಂದೆಳೆದುಕೊಂಡು, "ಆಗಿದ್ದು ಆಯ್ತು ಬುಡಿ" ಎಂದಳು, ಅಷ್ಟೇ. ಊರವರು ಎಂಥ ದೊಡ್ಡ ಮನಸ್ಸು ಎಂದರು. ಮೇಷ್ಟ್ರು ಕಣ್ಣೊರೆಸಿಕೊಂಡು, ಮಗಳನ್ನು ಹದಿನೈದು ದಿನಕ್ಕೆ ತುಮಕೂರಿಗೆ ಕರೆದುಕೊಂಡು ಹೋದರು.

ವಾಪಸು ಬಂದ ಮಂಜುಶ್ರೀಯನ್ನು ನೋಡಿದರೆ ಬೇರೆಯೇ ಹುಡುಗಿ. ಪೌಡರು ಬಿಟ್ಟಳು. ಮೈಗೆ ಕಡಲೆಹಿಟ್ಟು, ಬಟ್ಟೆಗೆ ಅಂಟುವಾಳ. ತಂದ ಸೀರೆಗಳನ್ನೆಲ್ಲ ಬರೀ ನೀರಲ್ಲಿ ನೆನೆಹಾಕಿ, ಹಿಂಡಿ, ಮತ್ತೆ ನೆನೆಹಾಕಿ, ನಾಲ್ಕು ದಿನ ಅದೇ ಕೆಲಸ ಮಾಡಿದಳು. ಹಬ್ಬಕ್ಕೆ ಕೂಡ ಮಲ್ಲಿಗೆ ಮುಡಿಯಲಿಲ್ಲ. "ಮುಡ್ಕೊಳ್ಳವ್ವ, ಹುಳದ ಮನೆಗೆ ಹೋಗ್ಬೇಡ ಅಷ್ಟೇಯ" ಎಂದು ಪುಟ್ಟಗಂಗಮ್ಮನೇ ಅಂದರೂ, "ಬೇಡಿ ಅತ್ತೆ, ಭಯ ಆಗುತ್ತೆ" ಎನ್ನುತ್ತಿದ್ದಳು.

ಪುಟ್ಟಗಂಗಮ್ಮನೂ ಬದಲಾದಳು. ಸೊಸೆಗೆ ಒಂದು ಗಟ್ಟಿ ಮಾತು ಆಡಲಿಲ್ಲ. ಬಾಣಂತನ ಮಾಡಿದಳು, ತಾನು ಉಪವಾಸವಿದ್ದಾದರೂ ಅವಳಿಗೆ ಬಡಿಸಿದಳು. ಅತ್ತೆ ಅಂದರೆ ಹಿಂಗಿರಬೇಕು ಎಂದು ಊರು ಹೊಗಳಿದಾಗೆಲ್ಲ ಅವಳು ಎದ್ದು ಕೊಟ್ಟಿಗೆಯ ಕಡೆ ಹೋಗಿಬಿಡುತ್ತಿದ್ದಳು. ನಾಳೆ ಹೇಳಿದರಾಯಿತು, ಮುಂದಿನ ಬೆಳೆ ಆದಮೇಲೆ, ಮಗು ಹುಟ್ಟಲಿ, ಮಗು ನಡೆಯಲಿ. ಹೀಗೆ ಆರು ವರ್ಷ ದೂಡಿದಳು. ಎರಡು ಸಾವಿರದ ಮೂರರಲ್ಲಿ ತುಮಕೂರಿನಿಂದ ಫೋನ್ ಬಂತು, ನರಸಿಂಹಯ್ಯ ಮೇಷ್ಟ್ರು ಹೋಗಿಬಿಟ್ಟಿದ್ದರು. ಹೆಣದ ಮುಂದೆ ಪುಟ್ಟಗಂಗಮ್ಮ ಅತ್ತಷ್ಟು ಅವರ ಒಡಹುಟ್ಟಿದವರೂ ಅಳಲಿಲ್ಲ. ಬೀಗಿತ್ತಿಗೆ ಎಷ್ಟು ಪ್ರೀತಿ ನೋಡಿ ಎಂದು ಜನ ಅಲ್ಲೂ ಹೊಗಳಿದರು.

ಅಷ್ಟರಲ್ಲಿ ರೇಷ್ಮೆಯೂ ಹೋಗಿತ್ತು. ಮುತ್ತುರಾಜ ಕುಣಿಗಲ್ಲಿನ ಸ್ಕೂಲೊಂದರ ವ್ಯಾನು ಓಡಿಸುವ ಕೆಲಸಕ್ಕೆ ಸೇರಿದ. ಹಿಪ್ಪುನೇರಳೆ ಕಿತ್ತು ರಾಗಿ ಹಾಕಿದರು. ಹುಳದ ಮನೆಯಲ್ಲಿ ಈಗ ಮೋಟರ್‌ಬೈಕು ನಿಲ್ಲುತ್ತಿತ್ತು. ಹುಳವೇ ಇಲ್ಲದ ಮನೆಯಲ್ಲಿ ಮಂಜುಶ್ರೀ ಮಾತ್ರ ಇನ್ನೂ ಅಂಟುವಾಳ ಕುಟ್ಟುತ್ತಿದ್ದಳು.

ಅವಳ ಮಗಳು ಮೋನಿಕಾ ಅಪ್ಪನ ವ್ಯಾನಿನಲ್ಲೇ ಕುಣಿಗಲ್ಲಿನ ಸ್ಕೂಲಿಗೆ ಹೋಗುತ್ತಿದ್ದಳು. ಒಂಬತ್ತು ವರ್ಷ, ಮೂರನೇ ಕ್ಲಾಸು. ಎರಡು ಸಾವಿರದ ಎಂಟರ ಒಂದು ಶನಿವಾರ ಮಧ್ಯಾಹ್ನ ಅವಳು ಗೆಳತಿ ಕೊಟ್ಟಳೆಂದು ಒಂದು ನೀಲಿ ಸ್ಯಾಶೆ ತಂದಳು. ಒಗೆದ ಬಟ್ಟೆಯನ್ನು ಕೊನೆಯಲ್ಲಿ ಅದ್ದಿದರೆ ಸೆಂಟು ಹಾಕಿದಂತೆ ಘಮಘಮ ಅನ್ನುವ ನೀರು ಅದರಲ್ಲಿತ್ತು. ಯಾರಿಗೂ ಹೇಳದೆ ಯೂನಿಫಾರಂ ನೆನೆಸಿದ ಬಕೆಟ್ಟಿಗೆ ಸುರಿದಳು.

ಮಂಜುಶ್ರೀ ಹಿತ್ತಲಿಗೆ ಬಂದಳು, ವಾಸನೆ ಕುಡಿದಳು, ಮಗಳ ಕೆನ್ನೆಗೆ ಛಟೀರೆಂದು ಬಿಟ್ಟಳು. ಹುಟ್ಟಿದಾಗಿನಿಂದ ಒಂದು ಪೆಟ್ಟು ತಿನ್ನದ ಮಗು ಬೆಪ್ಪಾಗಿ ನಿಂತಿತು. "ಯಾರನ್ನ ಕೇಳಿ ತಂದೆ? ನಾನು ನಿಮ್ಮಜ್ಜಿ ಮನೇನ ಒಂದ್ಸಲ ಹಾಳು ಮಾಡಿದ್ದು ಸಾಲ್ದಾ? ನಮ್ಮಪ್ಪನ ತಲೆ ತಗ್ಗಿಸಿದ್ದು ಸಾಲ್ದಾ?" ಎನ್ನುತ್ತ ಬಕೆಟ್ಟು ಚೆಲ್ಲಿ, ಯೂನಿಫಾರಮ್ಮನ್ನು ಕಲ್ಲಿನ ಮೇಲೆ ತಿಕ್ಕತೊಡಗಿದಳು.

ಬಾಗಿಲಲ್ಲಿ ನಿಂತಿದ್ದ ಪುಟ್ಟಗಂಗಮ್ಮ ಇದನ್ನೆಲ್ಲ ನೋಡಿದಳು. ತನಗೆ ಬೀಳಬೇಕಾದ ಪೆಟ್ಟು ಆ ಮಗುವಿಗೆ ಬಿದ್ದಿತ್ತು. ಇನ್ನು ತಡೆಯಲು ಅವಳಿಂದಾಗಲಿಲ್ಲ. ಮೋನಿಕಾಳನ್ನು ಒಳಗೆ ಕಳಿಸಿ, ಒಗೆಯುವ ಕಲ್ಲಿನ ಪಕ್ಕ ಒದ್ದೆ ನೆಲದಲ್ಲೇ ಕುಕ್ಕರಿಸಿದಳು.

"ಮಂಜು, ಬುಡವ್ವ. ಹುಳ ಸಾಯ್ಸಿದ್ದು ನೀನಲ್ಲ" ಎಂದಳು. ಗೋಣಿ, ಔಷಧಿ, ತಿಪ್ಪೆ, ಎಲ್ಲವನ್ನೂ ಹೇಳಿದಳು. "ನಿಮ್ಮಪ್ಪ ಬಂದು ನಿಂತಾಗ್ಲೇ ನಂಗೆ ಗೊತ್ತಿತ್ತು. ಬಾಯಿ ಬರ್ಲಿಲ್ಲ."

ಮಂಜುಶ್ರೀಯ ಕೈ ನಿಂತಿತು. ಆಮೇಲೆ ಆಡಿದ ಮಾತಿನಲ್ಲಿ ಕೂಗಾಟವಿರಲಿಲ್ಲ. ಕೂಗಾಡಿದ್ದರೇ ಪುಟ್ಟಗಂಗಮ್ಮನಿಗೆ ಹಗುರವಾಗುತ್ತಿತ್ತೇನೋ.

"ಹನ್ನೊಂದು ವರ್ಷದಲ್ಲಿ ನೀವು ಒಂದು ಸಲಾನೂ ಆ ಮಾತು ಎತ್ತಿ ಆಡಲಿಲ್ಲ. ನಿಮ್ಮ ಕಾಲು ಒತ್ತುವಾಗೆಲ್ಲ ಅಂದ್ಕೋತಿದ್ದೆ ಅತ್ತೆ, ಇವರ ಮನೆ ಹಾಳು ಮಾಡಿದ್ರೂ ನನ್ನನ್ನ ಮಗಳ ಥರ ನೋಡ್ಕೊಂಡಿದಾರಲ್ಲ, ಇವರ ಋಣ ಹೆಂಗೆ ತೀರಿಸ್ಲಿ ಅಂತ." ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ನಾಳೆ ಬೆಳಗ್ಗೆ ಬಸ್ಸಿಗೆ ರೆಡಿಯಾಗಿ. ನಮ್ಮಮ್ಮ ಇನ್ನೂ ಇದಾರೆ. ಅವರ ಮುಂದೆ ನೀವೇ ಹೇಳಬೇಕು."

ಪುಟ್ಟಗಂಗಮ್ಮನ ಮಂಡಿ ಹಿಡಿದುಕೊಂಡು ಎರಡು ವರ್ಷವಾಗಿತ್ತು. ಆದರೂ ನೆಪ ಹೇಳಲಿಲ್ಲ. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ, ಸೊಸೆಯ ಪಕ್ಕ ಕುಳಿತು ತುಮಕೂರು ಸೇರಿದಳು.

ಮೇಷ್ಟ್ರ ಹೆಂಡತಿ ಮಹಾಲಕ್ಷ್ಮಮ್ಮ ಬಾಗಿಲಿಗೇ ಓಡಿ ಬಂದರು. "ಬನ್ನಿ ಅಕ್ಕ, ಬನ್ನಿ! ಮಂಡಿ ನೋವಿಟ್ಕೊಂಡು ಇಷ್ಟು ದೂರ ಬಂದ್ರಲ್ಲ, ಒಂದು ಫೋನ್ ಮಾಡಿದ್ರೆ ನಾನೇ ಬರ್ತಿರಲಿಲ್ವಾ" ಎಂದು ನೀರಿನ ಲೋಟ ತಂದು ಕೊಟ್ಟರು.

"ನೀರು ಆಮೇಲಾಗ್ಲಿ ಕಣಮ್ಮ. ಮೊದ್ಲು ಒಂದು ಮಾತೈತೆ" ಎಂದಳು ಪುಟ್ಟಗಂಗಮ್ಮ. ನಿಂತೇ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ. ತಿಪ್ಪೆಯಲ್ಲಿ ಹೂತದ್ದನ್ನೂ, ಮೇಷ್ಟ್ರು ಬಗ್ಗಿದಾಗ ಸುಮ್ಮನಿದ್ದದ್ದನ್ನೂ. ಈ ಹೆಂಗಸು ಈಗ ಉಗಿಯಲಿ, ಬೈಯಲಿ, ಕತ್ತು ಹಿಡಿದು ಆಚೆ ನೂಕಲಿ ಎಂದು ತಯಾರಾಗಿ ನಿಂತಳು.

ಮಹಾಲಕ್ಷ್ಮಮ್ಮ ಅವಳ ಕಡೆ ನೋಡಲೇ ಇಲ್ಲ. ಮಗಳ ಕಡೆ ತಿರುಗಿದರು.

"ಆ ಹದಿನೈದು ದಿನ ನೀನು ಇಲ್ಲಿದ್ದಾಗ ದಿನಾ ಹೇಳ್ದೆ, ಅಮ್ಮಾ, ಬರೀ ಸೀರೆ ವಾಸನೆಗೆ ಅಷ್ಟು ಹುಳ ಸಾಯಲ್ಲ, ಬೇರೆ ಏನೋ ಆಗಿದೆ ಅಂತ" ಎಂದರು. "ಮಾಡೋದು ಮಾಡಿ ಕಥೆ ಕಟ್ತೀಯ ಅಂತ ನಾನೇ ನಿನ್ನ ಬಾಯಿಗೆ ಹೊಡೆದ್ನಲ್ಲೇ. ನನ್ನ ಮಗಳ ಮಾತು ನಾನೇ ನಂಬಲಿಲ್ವಲ್ಲೇ, ತಪ್ಪು ನಿಂದೇ ಅಂತ ನಿನ್ನನ್ನೂ ನಂಬಿಸಿಬಿಟ್ನಲ್ಲೇ, ಮಂಜು!"

ಹನ್ನೊಂದು ವರ್ಷ ಆ ಮಾತಿಗಾಗಿ ಯಾರ ಮುಂದೆಯೂ ಅಳದ ಮಂಜುಶ್ರೀ ಆಗ ಅತ್ತಳು. ಚಿಕ್ಕ ಮಗುವಿನಂತೆ ಬಾಯಿ ಬಿಟ್ಟು ಅತ್ತಳು. ತಾಯಿ ಅವಳನ್ನು ತಬ್ಬಿಕೊಂಡು ಅಲ್ಲೇ ನೆಲದ ಮೇಲೆ ಕುಸಿದರು. ಇಬ್ಬರೂ ಅಳುತ್ತಿದ್ದರು, ಒಬ್ಬರ ಬೆನ್ನನ್ನು ಒಬ್ಬರು ಸವರುತ್ತಿದ್ದರು.

ಬೀಗಿತ್ತಿ ಒಬ್ಬಳು ನಡುಮನೆಯಲ್ಲಿ ನಿಂತಿದ್ದಾಳೆ ಎಂಬುದು ಇಬ್ಬರಿಗೂ ನೆನಪಿರಲಿಲ್ಲ. ಕೂತ್ಕೊಳ್ಳಿ ಎಂದು ಯಾರೂ ಹೇಳಲಿಲ್ಲ. ತನ್ನ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ ಎಂಬುದು ಪುಟ್ಟಗಂಗಮ್ಮನಿಗೆ ಅರ್ಥವಾಯಿತು. ಸದ್ದು ಮಾಡದೆ ಈಚೆ ಬಂದಳು. ಕರೆದರೆ ಒಳಗೆ ಹೋಗುವುದು, ಕರೆಯದಿದ್ದರೆ ಮೂರೂವರೆಯ ಬಸ್ಸಿಗೆ ಒಬ್ಬಳೇ ಊರಿಗೆ ಹೋಗುವುದು ಎಂದುಕೊಂಡು, ಬಾಗಿಲಾಚೆ ಚಪ್ಪಲಿಗಳ ಪಕ್ಕ ಮಂಡಿ ಹಿಡಿದುಕೊಂಡು ಕುಳಿತಳು.