ಬ್ಯಾಟರಿ ಕೋಣೆ

“ಕೈಗವಸು ಬೇಕಂತೆ ಕೈಗವಸು! ಕೈ ಕೊಳೆಯಾಗಬಾರದು ಅನ್ನೋಳು ಕಸ ಗುಡಿಸೋಕೆ ಯಾಕೆ ಬಂದೆ, ಲೌಡಿ?”

ಗ್ರಂಥಪಾಲಕ ಹೀಗೆ ಬೈದದ್ದು ಕಾಲೇಜು ಲೈಬ್ರರಿಯ ನಟ್ಟನಡುವೆ. ಓದುತ್ತಿದ್ದ ಹುಡುಗರು ಕಿಸಕ್ಕನೆ ನಕ್ಕರು. ಬೈಸಿಕೊಂಡವಳು ಅಲ್ಲಿ ನೆಲ ಗುಡಿಸಿ, ಕಂಪ್ಯೂಟರು ಒರೆಸುವ ಗುತ್ತಿಗೆಯ ಹೆಂಗಸು. ಅದೇ ಕೆಲಸಕ್ಕಿದ್ದ ಅವಳ ನಾದಿನಿ, ಅತ್ತಿಗೆಯ ಬೆನ್ನ ಹಿಂದೆ ಮುದುಡಿ ನಿಂತಿದ್ದಳು.

ಕರೆಂಟು ಹೋದರೂ ಕಂಪ್ಯೂಟರುಗಳು ಆರದಂತೆ ಕಾಯುವ ಬ್ಯಾಟರಿಗಳು ಮೆಟ್ಟಿಲ ಕೆಳಗಿನ ಕೋಣೆಯಲ್ಲಿದ್ದವು. ಹಳೆಯವು, ಹೊಟ್ಟೆ ಉಬ್ಬಿ ಆಸಿಡ್ ಸೋರುತ್ತಿದ್ದವು. ಬದಲಾಯಿಸಿ ಎಂದು ಹೇಳಿ ಹೇಳಿ ರಿಪೇರಿಯವನ ಬಾಯಿ ಬತ್ತಿಹೋಗಿತ್ತು. ಅಂದು ಕಾಲೇಜಿನ ತಪಾಸಣೆಗೆ ದೊಡ್ಡವರು ಬರುವವರಿದ್ದರು. ಅವರ ಕಣ್ಣಿಗೆ ಸೋರಿಕೆಯೂ ಬೀಳಬಾರದು, ಈ ಹೆಂಗಸರೂ ಬೀಳಬಾರದು. ಇಬ್ಬರನ್ನೂ ಬರಿಗೈಯಲ್ಲೇ ಆ ಕೋಣೆಗೆ ನೂಕಿ, ಒರೆಸುತ್ತಿರಿ ಎಂದು ಗ್ರಂಥಪಾಲಕ ಹೊರಗಿನಿಂದ ಚಿಲಕ ಜಡಿದ.

ನಾದಿನಿ ಒಂದು ಬ್ಯಾಟರಿಯ ತಳಕ್ಕೆ ಕೈ ಕೊಟ್ಟು ಈಚೆಗೆ ಎಳೆದಳು. ತಳ ಒಡೆದಿತ್ತು. ಆಸಿಡ್ ಅಂಗೈಯಿಂದ ಮಣಿಕಟ್ಟಿನವರೆಗೂ ಇಳಿಯಿತು.

“ಅತ್ತಿಗೆ, ಉರೀತದೆ... ಕೈ ಉರೀತದೆ ಅತ್ತಿಗೆ.”

ಕೋಣೆಯಲ್ಲಿ ತೊಟ್ಟು ನೀರಿರಲಿಲ್ಲ. ಅತ್ತಿಗೆ ಬಾಗಿಲು ಬಡಿದಳು, ಒದ್ದಳು. ಆಚೆಯಿಂದ ಗ್ರಂಥಪಾಲಕನ ಪಿಸುದನಿ ಬಂತು: “ಬಾಯಿ ಮುಚ್ಕೊಂಡಿರಿ. ಅವರು ಬಂದು ಕೂತಿದಾರೆ.”

ಹೆಜ್ಜೆ ಸಪ್ಪಳ ಮೆಟ್ಟಿಲೇರಿ ಹೋಯಿತು. ನಾದಿನಿಯ ಅಂಗೈ ಚರ್ಮ ಬಿಳಿಚಿ ಏಳತೊಡಗಿತ್ತು. ಅದನ್ನು ನೋಡಿ ಅತ್ತಿಗೆಯ ನೆತ್ತಿ ಕಾದುಹೋಯಿತು. ಗೋಡೆಯ ಮೇಲೆ ಕಂಪ್ಯೂಟರುಗಳಿಗೆಲ್ಲ ಒಂದೇ ದೊಡ್ಡ ಸ್ವಿಚ್ಚಿತ್ತು. ಮುಟ್ಟಿದರೆ ಕೆಲಸ ಹೋಯಿತೆಂದೇ ತಿಳಿ ಎಂದು ಅವನು ಎಷ್ಟೋ ಸಲ ಹೆದರಿಸಿದ್ದ. ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಎಳೆದಳು. ಮೇಲೆ ಅಷ್ಟೂ ಕಂಪ್ಯೂಟರುಗಳು ಕಪ್ಪಾದವು.

ಈಗ ಚಿಲಕ ತೆಗೆಯಲು ಓಡಿ ಬರುವವರಿಗೆ ಬರವಿರಲಿಲ್ಲ. ಎಲ್ಲರಿಗಿಂತ ಮುಂದೆ ಗ್ರಂಥಪಾಲಕ, ಮುಖವೆಲ್ಲ ಬೆವರು. ಸ್ವಿಚ್ ಹಾಕು ಎಂದು ಹಲ್ಲು ಕಡಿದ.

“ನೆಲದ ತುಂಬ ಆಸಿಡ್ ಐತೆ. ತುಳ್ಕೊಂಡು ಹೋಗಿ ನೀನೇ ಹಾಕ್ಕೋ,” ಎಂದಳು ಅತ್ತಿಗೆ.

ಅವನು ಹೊಸ್ತಿಲಲ್ಲೇ ನಿಂತ. ಅವಳು ಅವನನ್ನು ಪಕ್ಕಕ್ಕೆ ತಳ್ಳಿ, ನಾದಿನಿಯ ರಟ್ಟೆ ಹಿಡಿದು, ಮೆಟ್ಟಿಲು ಹತ್ತಿ ದೊಡ್ಡವರ ಮೇಜಿಗೇ ಹೋದಳು. ಅವರ ಮುಂದಿದ್ದ ನೀರಿನ ಬಾಟಲಿ ಎತ್ತಿ, ಮುಚ್ಚಳ ತಿರುವಿ, ಆ ಕೈ ಮೇಲೆ ಸುರಿದಳು. ಇನ್ನೊಂದು ತೆಗೆದುಕೊಂಡಳು. ನೀರು ಮೇಜಿನ ಬಟ್ಟೆ ನೆನೆಸಿ, ಕಾಗದಗಳ ಅಡಿ ಹರಿದು, ಒಬ್ಬರ ತೊಡೆಯ ಮೇಲೆ ತೊಟ್ಟಿಕ್ಕಿತು. ಏನಮ್ಮಾ ಇದು ಎಂದು ಅವರು ಕುರ್ಚಿ ಬಿಟ್ಟೆದ್ದರು.

ಅವಳು ಆ ಕುರ್ಚಿ ಎಳೆದು ನಾದಿನಿಯನ್ನು ಕೂರಿಸಿ, ಮತ್ತೊಂದು ಬಾಟಲಿಗೆ ಕೈ ಹಾಕಿದಳು.