ಸುಧಾಳ ಜವಳ

ದುರುಗಕ್ಕನಿಗೆ ಮಗಳನ್ನು ಬಿಟ್ಟುಬರಲು ಊರಲ್ಲಿ ಯಾರೂ ಇರಲಿಲ್ಲ. ಅದಕ್ಕೇ ಜಗಳೂರಿನ ಕಡೆಯಿಂದ ಅಡಿಕೆ ಸುಲಿಯಲು ಬರುವಾಗ ಸುಧಾಳನ್ನೂ ಎತ್ತಿಕೊಂಡು ಬಂದಿದ್ದಳು. ನಲ್ಲೂರಿನ ಅಡಿಕೆ ಶೆಡ್ಡಿನಲ್ಲಿ ಸುಲಿಯುವವರ ಬೆನ್ನಿಗೇ ಅಡಿಕೆ ಬೇಯಿಸುವ ಹಂಡೆ ಕುದಿಯುತ್ತಿತ್ತು. ಎರಡೂವರೆ ವರ್ಷದ ಹುಡುಗಿ ಕೂತಲ್ಲಿ ಕೂರುತ್ತಿರಲಿಲ್ಲ. ಹೆಂಗಸರ ಸಂಘದವರು ವಲಸೆ ಬಂದವರ ಮಕ್ಕಳಿಗೆಂದು ಒಂದು ಕೋಣೆ ತೆರೆದಾಗ ದುರುಗಕ್ಕ ಮೊದಲ ದಿನವೇ ಮಗಳನ್ನು ಅಲ್ಲಿ ಬಿಟ್ಟಳು. ಅವಳನ್ನು ನೋಡಿ ಉಳಿದವರೂ ಬಿಟ್ಟರು.

ಕೋಣೆ ನೋಡಿಕೊಳ್ಳುತ್ತಿದ್ದ ಪ್ರೇಮಲತಾ ಒಳ್ಳೆಯ ಹೆಂಗಸು. ಮಕ್ಕಳ ಮೂಗು ಒರೆಸುತ್ತಿದ್ದಳು, ಉಗುರು ಕತ್ತರಿಸುತ್ತಿದ್ದಳು, ತನ್ನ ಮನೆಯಿಂದಲೇ ಹಾಲು ತರುತ್ತಿದ್ದಳು. ಸುಧಾಳ ತಲೆಯೊಂದನ್ನು ಮಾತ್ರ ಅವಳಿಗೆ ನೋಡಲಾಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕತ್ತರಿ ಕಾಣದ ಕೂದಲು ಗಂಟುಗಟ್ಟಿ ಕುತ್ತಿಗೆಗೆ ಇಳಿದಿತ್ತು. ತುಂಬ ಹೇನು.

"ಇದೇನವ್ವ, ಮಗೀನ ತಲೆ ಹಿಂಗೆ ಬಿಟ್ಟೀಯ?"

"ಜವಳ ಮಾಡ್ಸಾಕೆ ಆಗಿಲ್ಲ ಅಕ್ಕಾರೆ," ಎಂದು ದುರುಗಕ್ಕ ನಾಚಿಕೊಂಡಳು. ಕೆಲಸಕ್ಕೆ ಹೊತ್ತಾಗಿತ್ತು. ಅಷ್ಟು ಹೇಳಿ ಹೊರಟುಬಿಟ್ಟಳು.

ದುಡ್ಡಿಲ್ಲ ಅಂತ ಪ್ರೇಮಲತಾ ಅರ್ಥ ಮಾಡಿಕೊಂಡಳು.

ಸೋಮವಾರ ಸಂಜೆ ದುರುಗಕ್ಕ ಬಂದಾಗ ಸುಧಾ ಹೊಸ ಫ್ರಾಕು ಹಾಕಿಕೊಂಡು ಲಾಡು ತಿನ್ನುತ್ತಿದ್ದಳು. ನುಣ್ಣನೆಯ ತಲೆಗೆ ಅರಿಶಿನ ಹಚ್ಚಿದ್ದರು.

"ದಿನ ಚೆನ್ನಾಗೈತೆ ಅಂತ ನಾವೇ ಮಾಡಿಸಿಬಿಟ್ವಿ," ಎಂದಳು ಪ್ರೇಮಲತಾ. "ನನ್ನ ತೊಡೆ ಮ್ಯಾಲೇ ಕೂರಿಸ್ಕಂಡಿದ್ದೆ. ಒಂಚೂರೂ ಅಳಲಿಲ್ಲ, ಗಟ್ಟಿಗಿತ್ತಿ ನಿನ್ನ ಮಗಳು. ತಗಾ, ನೀನೂ ಬಾಯಿ ಸಿಹಿ ಮಾಡ್ಕ."

ದುರುಗಕ್ಕ ಲಾಡು ಮುಟ್ಟಲಿಲ್ಲ.

"ಕೂದ್ಲು ಎಲ್ಲೈತ್ರಿ?"

"ಹೇನು ತುಂಬಿತ್ತಲ್ಲವ್ವ. ಕಸದ ಜತೆ ಸುಟ್ವಿ."

ದುರುಗಕ್ಕ ಮಗಳನ್ನು ಮಡಿಲಿಗೆ ಎಳೆದುಕೊಂಡು ಹೇಳಿದಳು. ಸುಧಾಳಿಗಿಂತ ಮೊದಲಿನ ಎರಡು ಕೂಸು ವರ್ಷ ತುಂಬುವ ಮೊದಲೇ ಹೋಗಿದ್ದವು. ಇದೊಂದು ಉಳಿದರೆ ಹುಟ್ಟುಗೂದಲನ್ನು ಗುಡಿಯ ಮುಂದೆ, ಸೋದರಮಾವನ ತೊಡೆಯ ಮೇಲೇ ತೆಗೆಸಿ ಒಪ್ಪಿಸುತ್ತೇನೆಂದು ಊರ ದುರುಗಮ್ಮನಿಗೆ ಹರಕೆ ಹೊತ್ತಿದ್ದಳು. ತಮ್ಮ ಕೆಂಚೇಶ್ ಬೇರೆಯವರ ಕುರಿ ಹೊಡೆದುಕೊಂಡು ಊರೂರು ತಿರುಗುವವನು. ಈ ಯುಗಾದಿಗೆ ತಪ್ಪದೆ ಬರುತ್ತೇನೆಂದಿದ್ದ.

ಅದನ್ನೆಲ್ಲ ಕೇಳಿ ಪ್ರೇಮಲತಾಳ ಮುಖ ಇಳಿಯಿತು. "ನಮ್ಮಲ್ಲೂ ಸೋದರಮಾವನೇ ಕೂರಿಸ್ಕಳಾದು. ಅವನಿಲ್ದಿದ್ರೆ ಯಾರೋ ಒಬ್ರು ಕೂರಿಸ್ಕಂತಾರೆ. ಮೊದ್ಲೇ ಹೇಳಬಾರದಿತ್ತಾ?"

"ಹೇಳಿದ್ನಲ್ರಿ, ಜವಳ ಆಗಿಲ್ಲ ಅಂತ."

"ತಪ್ಪುಕಾಣಿಕೆ ಹಾಕಿದ್ರೆ ಆಯ್ತದೆ ಬಿಡವ್ವ. ನಾನೇ ಕೊಡ್ತೀನಿ."

"ಅದು ನೀವು ಕೊಡಾಕೆ ಬರಲ್ರಿ."

ಶೆಡ್ಡಿನಲ್ಲಿ ಹೆಂಗಸರು ಸುಧಾಳ ತಲೆ ನೋಡಿ ಸುಲಿಯುವುದನ್ನು ನಿಲ್ಲಿಸಿದರು. ಗುಂಪಿಗೆ ಹಿರಿಯಳಾದ ಬಂಗಾರಮ್ಮ ಎಲ್ಲ ಕೇಳಿಸಿಕೊಂಡು, "ಹೋಗಿ ಬಯ್ಯಾನಾ ಅಂದ್ರೆ ಆಯಮ್ಮ ಫ್ರಾಕು ಬೇರೆ ಕೊಡ್ಸೈತೆ. ಒಳ್ಳೇರ ಹತ್ರ ಜಗಳ ಆಡಾಕೂ ಬರಲ್ಲ ನೋಡು," ಎಂದಳು.

ದುರುಗಕ್ಕ ತಮ್ಮನಿಗೆ ಫೋನು ಮಾಡಿದಳು.

"ಯಾರ ತೊಡೆ ಮ್ಯಾಲೆ?" ಎಂದ ಕೆಂಚೇಶ್.

"ಮಕ್ಳ ಕೋಣೆ ಟೀಚರಮ್ಮಂದು."

ಆ ಕಡೆ ಕುರಿಗಳು ಅರಚುತ್ತಿದ್ದವು. "ಹಂಗಾರೆ ನಾನು ಬಂದು ಏನು ಮಾಡ್ಲಿ ಅಕ್ಕ?"

ದುರುಗಕ್ಕ ಫೋನು ಇಟ್ಟು ಮಗಳ ತಲೆಗೆ ಸೆರಗು ಹೊದಿಸಿದಳು.

ಬೆಳಿಗ್ಗೆ ಸುಧಾಳ ಮೈ ಬೆಚ್ಚಗಿತ್ತು. ಬೋಳುತಲೆಗೆ ಚಳಿ ತಾಗಿರಬಹುದು. ಶೆಡ್ಡಿನವರು ಮಾತ್ರ ದುರುಗಮ್ಮನ ಮುನಿಸು ಎಂದರು. ದುರುಗಕ್ಕ ಹಳೆಯ ಸೀರೆ ಹರಿದು ಮಗಳ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿದಳು. ಮಗಳನ್ನು ಹಂಡೆಯ ಕಡೆ ನಡೆಸಿ ಸೀರೆ ಎಳೆದು ನೋಡಿದಳು. ಅಲ್ಲಿಯ ತನಕ ಬರಲಿಲ್ಲ. ಹತ್ತು ಗಂಟೆಗೆ ಪ್ರೇಮಲತಾ ಹಾಲಿನ ಕ್ಯಾನು ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೇ ಬಂದಳು. ಹೆಂಗಸರು ತಲೆ ಎತ್ತಲಿಲ್ಲ. ಸುಲಿಯುವ ಕತ್ತಿಗಳು ಆಡುತ್ತಲೇ ಇದ್ದವು.

ಶೆಡ್ಡಿನಿಂದ ಕೋಣೆಗೆ ಹೋಗುತ್ತಿದ್ದ ಮಕ್ಕಳು ಏಳು. ಅವತ್ತು ಒಂದೂ ಹೋಗಲಿಲ್ಲ.