ಎದ್ದು ಬಂದ ನೆಲ

ಹಾರೆ ಠಣ್ಣೆಂದಿತು. ಮೊಣಕಾಲುದ್ದದ ಗುಣಿಯಲ್ಲಿ ನಿಂತಿದ್ದ ಲೋಕೇಶ ಇನ್ನೊಂದು ಮೂಲೆಗೆ ಹಾಕಿ ನೋಡಿದ. ಅಲ್ಲೂ ಅದೇ ಸದ್ದು. ಕೆಳಗೆ ಹಾಸುಬಂಡೆ.

ದೊಡ್ಡಆಲಹಳ್ಳಿಯ ಹೊಲಗಳಲ್ಲಿ ಬಂಡೆ ಸಿಗುವುದೇನು ಹೊಸದಲ್ಲ. ಆದರೆ ಅಪ್ಪ ಬೈರಪ್ಪನ ಹೆಣ ಅಂಗಳದಲ್ಲಿತ್ತು, ಹೊತ್ತು ನೆತ್ತಿ ದಾಟಿತ್ತು. ತನ್ನ ಅವ್ವನ ಪಕ್ಕದಲ್ಲೇ ಮಣ್ಣು ಮಾಡಬೇಕೆಂದು ಅವನು ಹೇಳಿಟ್ಟಿದ್ದ.

ಲೋಕೇಶ ಮನೆಗೆ ಬಂದು ಸಂಗತಿ ತಿಳಿಸಿದ. ಬೇರೆ ಕಡೆ ಅಗೆಯೋಣವೆಂದರೆ ಬೈರಪ್ಪನ ದೊಡ್ಡಪ್ಪನ ಮಗ ಅಂಕಯ್ಯ ಒಪ್ಪಲಿಲ್ಲ. ತೆಗೆದ ಗುಣಿಯನ್ನು ಬರಿದು ಬಿಟ್ಟರೆ ಅದು ಮನೆಯ ಇನ್ನೊಂದು ಜೀವ ಕೇಳುತ್ತದೆ ಎಂದ. ಮೊಣಕಾಲುದ್ದದ ಗುಣಿಯಲ್ಲೇ ಮಲಗಿಸಿದರೆ ನಾಯಿ ನರಿ ಬಿಟ್ಟಾವೆಯೇ ಎಂದರು ಉಳಿದವರು.

ಗಂಡನ ತಲೆದೆಸೆಯಲ್ಲಿ ಕೂತಿದ್ದ ಬೋರಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಅವಳ ಕಣ್ಣು ಹಿತ್ತಿಲ ಕಡೆಗೆ ಹೋಯಿತು.

*

ಬೈರಪ್ಪನ ಮಂಡಿ ಕೈಕೊಟ್ಟ ವರ್ಷ. ಹಿತ್ತಿಲಲ್ಲೂ ಗೇಣು ಮಣ್ಣಿನ ಕೆಳಗೆ ಬಂಡೆಯೇ. ಬಿದ್ದುಹೋದ ಕೊಟ್ಟಿಗೆಯ ಕಲ್ಲುಚಪ್ಪಡಿಗಳನ್ನು ಅವನು ಸೊಂಟದೆತ್ತರಕ್ಕೆ ಸುತ್ತ ನಿಲ್ಲಿಸಿ, ಸೊಪ್ಪಿನ ಮಡಿಗೆಂದು ಒಳಗೆ ಮಣ್ಣು ತುಂಬತೊಡಗಿದ.

"ಸೊಪ್ಗೆ ಮನೆ ಕಟ್ಟೋರ್ನ ನಾ ಕಂಡಿರ್ಲಿಲ್ಲ," ಎಂದಳು ಬೋರಮ್ಮ.

"ನೆಲ ಬಗ್ಗು ಅಂತೈತೆ, ಮಂಡಿ ಆಗಾಕಿಲ್ಲ ಅಂತೈತೆ. ನೆಲಾನೇ ಒಸಿ ಎದ್ ಬರ್ಲಿ ಬುಡು."

ಅವಸರಕ್ಕೆ ರೇಷ್ಮೆ ಹುಳದ ಹಸಿ ಹಿಕ್ಕೆಯನ್ನೇ ಬುಟ್ಟಿಗಟ್ಟಲೆ ಸುರಿದ. ಅದು ಒಳಗೊಳಗೇ ಕಾದು ಮೊದಲ ಪೈರು ಬೆಂದುಹೋಯಿತು. ಊರು ನಕ್ಕಿತು, ಅವನೂ ನಕ್ಕ. ಎಲ್ಲವನ್ನೂ ಹೊರಗೆಳೆದು, ಕೆರೆಯ ತಳದ ಗೋಡುಮಣ್ಣು ಹೊಡೆಸಿ, ಮತ್ತೆ ಬಿತ್ತಿದ. ಆಮೇಲೆ ದಂಟು, ಮೂಲಂಗಿ, ಕೊತ್ತಂಬರಿ ಒಂದರ ಹಿಂದೊಂದು ಬಂದವು. ಅಂಗಡಿಯ ಗಲ್ಲಾಪೆಟ್ಟಿಗೆಗೆ ಒರಗಿದ ಶೆಟ್ಟಿಯ ಹಾಗೆ ಚಪ್ಪಡಿಗೆ ಮೊಣಕೈ ಊರಿ ನಿಂತೇ ಕಳೆ ಕೀಳುತ್ತ, ದಾರಿಹೋಕರನ್ನೆಲ್ಲ ಮಾತಿಗೆಳೆಯುತ್ತಿದ್ದ.

*

ಬೋರಮ್ಮ ಸೆರಗು ಸಿಕ್ಕಿಸಿ ಎದ್ದಳು.

"ಆ ಮಡಿ ಬಿಚ್ರಪ್ಪ. ಗುಣೀನ ಕೆಳೀಕೆ ಇಳ್ಸಾಕಾಗ್ದಿದ್ರೆ ಮ್ಯಾಕೆ ಏರ್ಸಿ."

"ಸಾವಿನ ದಿನ ಬೆಳೆದ್ ನಿಂತಿರೋ ಮಡಿ ಒಡೀತಾರೇನವ್ವ?" ಎಂದ ಅಂಕಯ್ಯ. "ಅವನು ಕೈಯಾರೆ ಕಟ್ಟಿದ್ದು."

"ಅದ್ಕೇ ಬಾವ. ಇನ್ಯಾರ್ ಕೈನ ಮಣ್ಣು ಹಾಕಾನ ಅವ್ರ ಮ್ಯಾಲೆ?"

ಅಂಕಯ್ಯ ಹಿತ್ತಿಲಿಗೆ ನಡೆದ. ಮೊದಲ ಮೂಲಂಗಿಯನ್ನು ಬೋರಮ್ಮನೇ ಕಿತ್ತು, ನೆರೆದ ಹೆಂಗಸರತ್ತ ನೀಡಿದಳು. ಸಾವಿನ ಮನೆಯಿಂದ ಏನನ್ನೂ ಒಯ್ಯಬಾರದೆಂದು ಹೆಂಗಸರು ಹಿಂದೆಗೆದಾಗ, ಹಾಗಾದರೆ ದನಗಳಿಗಾದರೂ ಹಾಕಿ ಎಂದಳು. ಚಪ್ಪಡಿ, ಮಣ್ಣು ಎರಡೂ ಟ್ರಾಕ್ಟರ್ ಏರಿದವು.

ಹೊಲದಲ್ಲಿ, ಅವ್ವನ ಸಮಾಧಿಯ ಗುಡ್ಡೆಯ ಪಕ್ಕ, ಅದೇ ಗುಣಿಯ ಬಂಡೆಯ ಮೇಲೆ ಬೈರಪ್ಪನನ್ನು ಮಲಗಿಸಿದರು. ಸುತ್ತಲೂ ಚಪ್ಪಡಿ ನಿಂತವು. ಲೋಕೇಶ ಸಂದುಗಳಿಗೆ ಚಕ್ಕೆಗಲ್ಲು ಜಡಿದು, ಒಂದೊಂದನ್ನೂ ಭುಜ ಕೊಟ್ಟು ತಳ್ಳಿ ನೋಡಿದ. ಅಲುಗಲಿಲ್ಲ. ಯಾವ ನಾಯಿಯೂ ಕೆದಕುವ ಹಾಗಿರಲಿಲ್ಲ.

ಹಿಡಿ ಮಣ್ಣು ಹಾಕುವ ಸರದಿ ಬಂತು. ಲೋಕೇಶ ಹಾಕಿದ, ಅಂಕಯ್ಯ ಹಾಕಿದ. ಬೋರಮ್ಮ ಹಿಡಿ ತುಂಬಿಕೊಂಡವಳು ಹಾಕದೆ ಅಂಗೈ ಬಿಚ್ಚಿದಳು. ಕಡಲೆಕಾಳಷ್ಟು ಒಂದು ಕಲ್ಲಿತ್ತು. ಅದನ್ನು ಹೆಕ್ಕಿ ದೂರ ಎಸೆದು, ಹೆಂಟೆಯನ್ನು ಬೆರಳಲ್ಲಿ ಪುಡಿ ಮಾಡಿ, ಬಾಗಿ, ಗಂಡನ ಎದೆಯ ಮೇಲೆ ಮೆಲ್ಲಗೆ ಉದುರಿಸಿದಳು.

ಹಿಂದೆ ನಿಂತಿದ್ದವರು ತಮ್ಮ ತಮ್ಮ ಹಿಡಿ ಬಿಚ್ಚಿ ನೋಡಿಕೊಂಡರು.